ಸ್ಕ್ರೂ ಮೇಲಿನ ಬಣ್ಣ

ಶಹೀರಾ ಮೊದಲ ಸಲ ವಗ್ದಿಯನ್ನು "ಬಾಶ್‌ಮುಹಂದಿಸ್" ಎಂದು ಕರೆದಾಗ, ಅವನ ಬೆನ್ನು ನೆಟ್ಟಗಾದದ್ದನ್ನು ಅವನ ಹೆಂಡತಿ ಇಜ್ಲಾಲ್ ನೋಡಿದಳು. ದೊಡ್ಡ ಎಂಜಿನಿಯರ್ರೇ ಎನ್ನುವ ಆ ಮಾತನ್ನು ಅಲೆಕ್ಸಾಂಡ್ರಿಯಾದಲ್ಲಿ ನಲ್ಲಿ ರಿಪೇರಿ ಮಾಡುವವನಿಗೂ ಅನ್ನುತ್ತಾರೆ. ವಗ್ದಿಯೋ ಅಲ್ಲಿಯ ಅತ್ತಾರೀನ್ ಪೇಟೆಯ ಗಲ್ಲಿಯೊಂದರಲ್ಲಿ ಸ್ವೆಟರ್ ಹೆಣೆಸುವವನು. ಆದರೂ ಅವನು ಆ ದಿನವೆಲ್ಲ ನಗುನಗುತ್ತಲೇ ಇದ್ದ. ಇಂಥವು ಇಜ್ಲಾಲಳ ಕಣ್ಣಿಗೆ ತಪ್ಪುವುದಿಲ್ಲ.

ಶುಕ್ರವಾರದ ನಮಾಜು ಮುಗಿದ ಮೇಲೆ ಅವರ ಕಾರ್ಖಾನೆಯ ಹಿಂಕೋಣೆಯಲ್ಲಿ ಹಳೆಯ ಕಂಪ್ಯೂಟರುಗಳ ಹುಚ್ಚು ಹಿಡಿದ ನಾಲ್ಕಾರು ಜನ ಸೇರುತ್ತಿದ್ದರು. ಕೀಲಿಮಣೆಯ ಮೇಲೆ ಅರಬ್ಬಿ ಅಕ್ಷರ ಬರೆದಿದ್ದ, ಟೀವಿಗೆ ಸಿಕ್ಕಿಸಿಕೊಳ್ಳುವ ಪೆಟ್ಟಿಗೆಗಳು ಅವು. ಟ್ರಾಮ್ ಓಡಿಸಿ ನಿವೃತ್ತರಾದ, ಎಲ್ಲರೂ ಅಮ್ಮು ಎಂದರೆ ಚಿಕ್ಕಪ್ಪ ಎನ್ನುತ್ತಿದ್ದ ಬಸ್ಯೂನಿ ತಮ್ಮ ಪಾರಿವಾಳಗಳ ವಂಶಾವಳಿಯನ್ನೆಲ್ಲ ಅಂಥದೊಂದರಲ್ಲಿ ಇಟ್ಟಿದ್ದರು. ಇಜ್ಲಾಲಳದು ಹೆಣಿಗೆ ಯಂತ್ರಕ್ಕೆ ನಕ್ಷೆ ಉಣಿಸುತ್ತಿತ್ತು. ಬಿಲ್ಲಿಗೆ, ಗಿರಾಕಿಗಳ ಜೊತೆ ಮಾತಿಗೆ ಮುಂದಿನ ಮೇಜಿನ ಮೇಲೆ ಹೊಸ ಕಂಪ್ಯೂಟರ್ ಇತ್ತು. ಆದರೆ ಮುದಿ ಹೆಣಿಗೆ ಯಂತ್ರ ಅದರ ಮಾತು ಕೇಳುತ್ತಿರಲಿಲ್ಲ, ಹಳೆಯ ಪೆಟ್ಟಿಗೆಯ ಮಾತನ್ನಷ್ಟೇ ಕೇಳುತ್ತಿತ್ತು.

ನಕ್ಷೆಗಳೆಲ್ಲ ಕ್ಯಾಸೆಟ್ಟುಗಳಲ್ಲಿದ್ದವು. ಟೇಪ್ ರೆಕಾರ್ಡರ್ ಹಾಕಿದರೆ ಕೀರಲು ಸದ್ದು ಬರುತ್ತದೆ, ಪೆಟ್ಟಿಗೆ ಅದನ್ನು ಕೇಳಿ ನಕ್ಷೆ ಮಾಡಿಕೊಳ್ಳುತ್ತದೆ. ರೆಕಾರ್ಡರಿನಲ್ಲಿ ಟೇಪ್ ಓದುವ ಹೆಡ್ ಕೂದಲೆಳೆಯಷ್ಟು ಓರೆಯಾದರೂ ಸದ್ದು ಮಂಕಾಗಿ ಪೆಟ್ಟಿಗೆ ಸುಮ್ಮನೆ ಕುಳಿತುಬಿಡುತ್ತದೆ. ಆ ಓರೆ ತಿದ್ದಲು ಒಂದು ಸಣ್ಣ ಸ್ಕ್ರೂ ಇದೆ. ಕಿವಿಗೊಟ್ಟು ಅದನ್ನು ತಿರುಗಿಸಿ, ಎಲ್ಲರ ಯಂತ್ರಗಳಿಗೆ ಜೀವ ಬರಿಸುತ್ತಿದ್ದವಳು ಇಜ್ಲಾಲ್. ತನ್ನ ರೆಕಾರ್ಡರಿನ ಸ್ಕ್ರೂ ಅಲುಗದಿರಲೆಂದು ಅದರ ಮೇಲೆ ದಾಳಿಂಬೆ ಬಣ್ಣದ ಉಗುರುಬಣ್ಣ ಒಂದು ಹನಿ ಇಟ್ಟಿದ್ದಳು. ಮದುವೆಯಾದ ವರ್ಷ ವಗ್ದಿ ತಂದುಕೊಟ್ಟ ಸೀಸೆ ಅದು. ಉಗುರಿಗೆ ಹಚ್ಚಿದ್ದು ಕಡಿಮೆ.

ಈ ಕೂಟಕ್ಕೆ ಹೊಸದಾಗಿ ಸೇರಿದ ಶಹೀರಾ ಕುವೈತಿನಿಂದ ಬಂದವಳು. ಗಂಡನಿಂದ ತಲಾಖ್ ಪಡೆದಿದ್ದಳು, ಉಗುರಿಗೆ ತಿಳಿಗುಲಾಬಿ ಬಣ್ಣ, ಬಾಯಿಗೆ ಬಿಡುವಿಲ್ಲ.

"ಕ್ಯಾಸೆಟ್ ಯಾಕೆ ಬೇಕು ಬಾಶ್‌ಮುಹಂದಿಸ್? ಸದ್ದನ್ನೆಲ್ಲ ಫೋನಿಗೆ ತುಂಬಿಕೊಳ್ಳೋಣ. ಆಮೇಲೆ ಫೋನ್‌ನಿಂದಲೇ ಪೆಟ್ಟಿಗೆಗೆ ಹಾಡಿಸಿದ್ರೆ ಆಯ್ತು. ಮಕ್ಕಳೂ ಮಾಡಬಹುದು."

"ಕೇಳಿದ್ಯಾ ಇಜ್ಲಾಲ್?" ವಗ್ದಿ ಹಿಗ್ಗಿಹೋದ. "ಇನ್ಮೇಲೆ ನಿನಗೆ ಸ್ಕ್ರೂ ತಿರುಗಿಸೋ ಗೋಳೇ ಇಲ್ಲ."

ಗೋಳು! ಇಜ್ಲಾಲ್ ಟ್ರೇ ಹಿಡಿದುಕೊಂಡೇ ನಿಂತಳು. ಅದೊಂದು ಇಲ್ಲದೆ ಹೋದರೆ ಆ ಕೋಣೆಯಲ್ಲಿ ಅವಳು ಚಹಾ ಕೊಡುವವಳು, ಅಷ್ಟೇ.

"ಹುಷಾರು ಕಣಮ್ಮ," ಬಸ್ಯೂನಿ ಅವಳ ಕಿವಿಯ ಹತ್ತಿರ ನಕ್ಕರು. "ನನ್ನ ಗೂಡಿಗೂ ಹೀಗೇ ಒಂದು ಹೊಸ ಹೆಣ್ಣು ಪಾರಿವಾಳ ಬಂತು. ಹಳೇದು ಮೂರು ದಿನ ಕಾಳು ಮುಟ್ಟಲಿಲ್ಲ."

"ನಿಮ್ಮ ಪಾರಿವಾಳಕ್ಕೆ ಕಾಳು ಹಾಕೋ ಕೆಲಸ ಇರಲಿಲ್ಲ, ಅಮ್ಮು ಬಸ್ಯೂನಿ. ನನಗಿದೆ," ಎಂದು ಇಜ್ಲಾಲ್ ಬಾಸ್ಬೂಸಾ ಸಿಹಿಯ ತಟ್ಟೆಯನ್ನು ಅವರ ಮುಂದೆ ಕುಕ್ಕಿದಳು.

ಮುಂದಿನ ಶುಕ್ರವಾರ ಶಹೀರಾ ಕ್ಯಾಸೆಟ್ಟುಗಳನ್ನು ಫೋನಿಗೆ ತುಂಬಿಕೊಳ್ಳುವುದೆಂದು ಮಾತಾಯಿತು.

ಆ ಶುಕ್ರವಾರ ವಗ್ದಿ ಮಸೀದಿಗೆ ಹೋದ ಮೇಲೆ ಇಜ್ಲಾಲ್ ರೆಕಾರ್ಡರಿನ ಬಾಗಿಲು ತೆರೆದಳು. ಸಣ್ಣ ಸ್ಕ್ರೂಡ್ರೈವರ್ ಇಟ್ಟು ತಿರುಗಿಸಿದಾಗ ದಾಳಿಂಬೆಯ ಹನಿ ಒಡೆದು ಪುಡಿಯಾಯಿತು. ಸಂಜೆ ಶಹೀರಾ ಹೋದ ಮೇಲೆ ಸರಿ ಮಾಡಿಕೊಂಡರಾಯಿತು, ಎಷ್ಟು ಜನರದು ಮಾಡಿಲ್ಲ ನಾನು, ಅಂದುಕೊಂಡಳು.

ಅಂದುಕೊಂಡಂತೆಯೇ ಆಯಿತು. ಶಹೀರಾ ಒಂದಾದ ಮೇಲೊಂದು ಕ್ಯಾಸೆಟ್ ಹಾಕಿದಳು. ಸದ್ದು ಕಂಬಳಿ ಹೊದ್ದುಕೊಂಡಂತೆ ಬಂತು. ಫೋನಿಗೆ ತುಂಬಿದ್ದನ್ನು ಪೆಟ್ಟಿಗೆಗೆ ಕೇಳಿಸಿದರೆ ಅದು ಉಸಿರೆತ್ತಲಿಲ್ಲ.

"ಟೇಪುಗಳು ಸತ್ತಿವೆ ಅನ್ಸುತ್ತೆ, ಸಿತ್ ಇಜ್ಲಾಲ್. ಸಮುದ್ರದ ಗಾಳಿಗೆ." ಶಹೀರಾ ಅವಳನ್ನು ಯಾವಾಗಲೂ ಸಿತ್, ಅಮ್ಮಾವ್ರೇ, ಎಂದೇ ಕರೆಯುತ್ತಿದ್ದಳು.

"ಇರಬಹುದು," ಎಂದಳು ಇಜ್ಲಾಲ್. ಬಹಳ ದಿನಗಳ ಮೇಲೆ ಅವಳಿಗೆ ಚಹಾ ರುಚಿಸಿತು.

ಚಹಾ ಮುಗಿಯುವ ಮೊದಲೇ ವಗ್ದಿ ಬೆವರು ಒರೆಸಿಕೊಂಡ. ಭಾನುವಾರಕ್ಕೆ ಶಾಲೆಯ ಸ್ವೆಟರುಗಳು ಹೋಗಬೇಕಿತ್ತು. "ಒಂದ್ಸಲ ನೀನು ನೋಡು ಇಜ್ಲಾಲ್. ನಿನ್ನ ಕೈ ಬೇರೆ."

ಆ ಮಾತಿಗಾಗಿ ಅವಳು ವಾರವೆಲ್ಲ ಕಾದಿದ್ದಳು. ಅಂಗಡಿಯಿಂದ ಕೊಂಡ ಹಾಡಿನ ಕ್ಯಾಸೆಟ್ಟೊಂದನ್ನು ಹಾಕಿ, ಹಾಡು ಗಂಟೆ ಬಾರಿಸಿದಂತೆ ಸ್ವಚ್ಛವಾಗುವವರೆಗೆ ಸ್ಕ್ರೂ ತಿರುಗಿಸಿದಳು. ಎಲ್ಲರ ರೆಕಾರ್ಡರನ್ನೂ ಹೀಗೇ ತಿದ್ದುತ್ತಿದ್ದದ್ದು. ಆಮೇಲೆ ನಕ್ಷೆಯ ಕ್ಯಾಸೆಟ್ ಹಾಕಿದಳು.

ಪೆಟ್ಟಿಗೆ ಸುಮ್ಮನಿತ್ತು.

ಇನ್ನೊಂದು ಹಾಕಿದಳು. ಮತ್ತೊಂದು. ತಾನು ನಟಿಸಬೇಕೆಂದಿದ್ದ ಗಾಬರಿ ಈಗ ನಿಜವಾಗಿಯೇ ಬಂದಿತ್ತು.

"ಹೋಗ್ಲಿ ಬಿಡು, ಗಾಬರಿಯಾಗಬೇಡ," ವಗ್ದಿ ಅವಳ ಭುಜ ಮುಟ್ಟಿದ. "ಇಷ್ಟು ವರ್ಷ ಕಾಪಾಡಿದೆಯಲ್ಲ. ಶಹೀರಾ ಹೇಗೂ ಇದ್ದಾಳೆ. ದಿನಾ ಬೆಳಿಗ್ಗೆ ಬಂದು ನನ್ನ ಜೊತೆ ಕೂತರೆ ನಕ್ಷೆಗಳನ್ನೆಲ್ಲ ಹೊಸದಾಗಿ ಬರೆದುಬಿಡ್ತೀವಿ. ಏನಂತೀಯ ಶಹೀರಾ?"

"ಬರ್ತೀನಿ, ಅದಕ್ಕೇನು."

ದಿನಾ ಬೆಳಿಗ್ಗೆ! ಇಜ್ಲಾಲ್ ನುಂಗಲಾರದ್ದನ್ನು ನುಂಗಿದಳು. "ನೀವು ಆಚೆ ಹೋಗಿ ಯಂತ್ರಕ್ಕೆ ನೂಲು ಹಾಕಿ," ಎಂದು ಗಂಡನನ್ನು ಕಳಿಸಿ, ರೆಕಾರ್ಡರನ್ನು ಶಹೀರಾಳ ಕಡೆ ತಳ್ಳಿದಳು. "ನೀವೂ ಒಂದ್ಸಲ ನೋಡಿ."

ಶಹೀರಾ ಬಾಗಿಲು ತೆರೆದಳು. ಸ್ಕ್ರೂ ಬುಡದಲ್ಲಿ ಕೆಂಪು ಚೂರುಗಳು ಅಂಟಿಕೊಂಡಿದ್ದವು. ಅವಳು ಉಗುರಿನ ತುದಿಯಿಂದ ಒಂದು ಚೂರು ಎತ್ತಿ, ಬೆಳಕಿಗೆ ಹಿಡಿದು, ಇಜ್ಲಾಲಳನ್ನು ನೋಡಿದಳು. ಚೂರಿನ ಒಡೆದ ಅಂಚು ಹೊಸದಾಗಿಯೇ ಹೊಳೆಯುತ್ತಿತ್ತು, ಧೂಳು ಕೂತಿರಲಿಲ್ಲ. ಇಜ್ಲಾಲ್ ಮೇಜಿನ ಬಟ್ಟೆಯ ಮೇಲಿನ ಹೂವು ನೋಡುತ್ತಾ ನಿಂತಳು.

"ಹಾಡಿಗೆ ನೆಟ್ಟಗೆ ಮಾಡಿದ್ರಿ," ಶಹೀರಾ ಮೆಲ್ಲಗೆ ಹೇಳಿದಳು. "ಈ ರೆಕಾರ್ಡರ್ ಕೊಂಡಾಗಿಂದಲೇ ಸೊಟ್ಟ ಇರಬೇಕು. ನಿಮ್ಮ ಟೇಪುಗಳನ್ನೆಲ್ಲ ಆ ಸೊಟ್ಟದಲ್ಲೇ ತುಂಬಿದ್ದೀರಿ. ಇವಕ್ಕೆ ಆ ಸೊಟ್ಟವೇ ಬೇಕು. ನಾನು ತಿರುಗಿಸ್ತೀನಿ, ನೀವು ಕೇಳಿ. ಆ ಸದ್ದು ನಿಮಗೆ ಗೊತ್ತು, ನನಗೆ ಗೊತ್ತಿಲ್ಲ."

ನಕ್ಷೆಯ ಕ್ಯಾಸೆಟ್ ಓಡಿತು. ಇಜ್ಲಾಲ್ ಕಣ್ಣು ಮುಚ್ಚಿದಳು. ಮಂಕು, ಮಂಕು, ಸ್ವಲ್ಪ ಚುರುಕು, ಆಮೇಲೆ ದಿನಾ ಬೆಳಿಗ್ಗೆ ಕೇಳುತ್ತಿದ್ದ ಆ ಕೀರಲು.

"ನಿಲ್ಲಿಸಿ!"

ಪೆಟ್ಟಿಗೆ ನಕ್ಷೆ ತೆಗೆದುಕೊಂಡಿತು. ಆಚೆ ಕೋಣೆಯಲ್ಲಿ ಹೆಣಿಗೆ ಯಂತ್ರ ಸದ್ದು ಮಾಡಿದಾಗ ವಗ್ದಿ ಓಡಿ ಬಂದ. "ಏನಾಗಿತ್ತು?"

"ಸ್ಕ್ರೂ ತಾನಾಗೇ ಸಡಿಲ ಆಗಿತ್ತು, ಬಾಶ್‌ಮುಹಂದಿಸ್. ಹಳೇದಲ್ವಾ." ಶಹೀರಾ ಕೈಚೀಲದಿಂದ ತನ್ನ ಸೀಸೆ ತೆಗೆದು ಸ್ಕ್ರೂ ಮೇಲೆ ತಿಳಿಗುಲಾಬಿಯ ಹನಿಯೊಂದನ್ನಿಟ್ಟಳು, ಮಗುವಿನ ಗಾಯಕ್ಕೆ ಮದ್ದು ಹಚ್ಚುವವಳ ಹಾಗೆ ಊದಿ ಆರಿಸಿದಳು. ಸಂಜೆಯೊಳಗೆ ಕ್ಯಾಸೆಟ್ಟುಗಳೆಲ್ಲ ವಗ್ದಿಯ ಫೋನು ಸೇರಿದವು.

ಶಹೀರಾ ಬೈದಿದ್ದರೆ ಇಜ್ಲಾಲ್ ಅವಳನ್ನು ನೆಮ್ಮದಿಯಿಂದ ದ್ವೇಷಿಸಬಹುದಿತ್ತು.

ಶನಿವಾರ ಬೆಳಿಗ್ಗೆ ವಗ್ದಿ ತಾನೇ ಫೋನಿಗೆ ತಂತಿ ಸಿಕ್ಕಿಸಿದ. ಕೀರಲು ಸದ್ದು ಚೆನ್ನಾಗಿಯೇ ಸಾಗಿತ್ತು. ಇಜ್ಲಾಲ್ ಬಾಗಿಲಲ್ಲಿ ನಿಂತು ಕೇಳುತ್ತಿದ್ದಳು. ನಡುವೆ ಫೋನು ಟಿಣ್ ಎಂದಿತು. ಪೆಟ್ಟಿಗೆಗೆ ಆ ಟಿಣ್ ಕೂಡ ನಕ್ಷೆಯೇ. ಅರ್ಧಕ್ಕೇ ನಿಂತುಬಿಟ್ಟಿತು.

"ಥೂ! ಯಾರೋ ಮೆಸೇಜ್ ಕಳಿಸಿದ್ದಾರೆ. ಇಜ್ಲಾಲ್, ನಿನ್ನ ರೆಕಾರ್ಡರೇ ತಗೊಂಡು ಬಾ. ನನ್ನ ಕೈಲಾಗಲ್ಲ."

ಅವಳು ಬಂದಳು. ಫೋನನ್ನು ಪಕ್ಕಕ್ಕಿಡುವಾಗ ಪರದೆಯ ಮೇಲೆ ಕಂಡದ್ದನ್ನು ಓದಿದಳು: "ಎಲ್ಲ ಚೆನ್ನಾಗಿ ಓಡ್ತಿದೆಯಾ, ಬಾಶ್‌ಮುಹಂದಿಸ್? ಶಹೀರಾ."

"ಯಾರದ್ದು?" ಎಂದ ವಗ್ದಿ.

"ನಿಮಗೇ ಬಂದದ್ದು. ಆಮೇಲೆ ನೋಡಿಕೊಳ್ಳಿ."

ಕ್ಯಾಸೆಟ್ ಓಡಿತು, ಪೆಟ್ಟಿಗೆ ನಕ್ಷೆ ತೆಗೆದುಕೊಂಡಿತು, ವಗ್ದಿ "ನಿನ್ನ ಕೈ ಬೇರೆ" ಎಂದು ಇನ್ನೊಮ್ಮೆ ಹೇಳಿ ನೂಲಿನ ಕಡೆ ಹೋದ. ಇಜ್ಲಾಲ್ ರೆಕಾರ್ಡರಿನ ಬಾಗಿಲು ತೆರೆದಳು. ಗುಲಾಬಿಯ ಹನಿಯನ್ನು ಕೆರೆದು ತೆಗೆಯಲು ಧೈರ್ಯ ಬರಲಿಲ್ಲ, ಸ್ಕ್ರೂ ಅಲುಗಿದರೆ? ತನ್ನ ದಾಳಿಂಬೆ ಬಣ್ಣದ ಸೀಸೆ ತಂದು ಗುಲಾಬಿಯ ಮೇಲೇ ಒಂದು ಹನಿ ಇಟ್ಟಳು. ಹಳೆಯ ಬಣ್ಣ, ತಳಕ್ಕೆ ಬಂದು ಗಟ್ಟಿಯಾಗಿತ್ತು, ಸರಿಯಾಗಿ ಹರಡಲಿಲ್ಲ. ಇನ್ನೊಂದು ಹನಿ ಇಟ್ಟಳು. ಆದರೂ ಅಂಚಿನಲ್ಲಿ ಗುಲಾಬಿ ಕಾಣುತ್ತಲೇ ಇತ್ತು.