ಜೊಂಡಿನ ಮಡಿ

"ಎಂಟನೇ ಇಯತ್ತೆ ಸಾಲಿ ಮುಗಿಸದಾಂವ ನೀರಿಗೆ ಪಾಠ ಹೇಳತಾನಂತ. ಬರ್ರಿ, ನೋಡೂಣು," ಅಂತ ವಿರುಪಣ್ಣಗೌಡರು ಏಳೂ ಮಂದಿ ಪಂಚರ ಮುಂದೆ ಅಂದಾಗ ಎಲ್ಲರೂ ನಕ್ಕರು. ಹುಲುಗಪ್ಪ ಹಲ್ಲು ಕಚ್ಚಿಕೊಂಡು ಮುಂದೆ ನಡೆದ.

ಗಂಗಾವತಿ ಕಡೆಯ ಆ ಊರಿನಲ್ಲಿ ಅಕ್ಕಿ ಗಿರಣಿಯ ಕರಿನೀರು ನೇರ ಹಳ್ಳಕ್ಕೆ ಬೀಳುತ್ತಿತ್ತು. ಅದನ್ನು ತಿಳಿ ಮಾಡಲಿಕ್ಕೆ ಹುಲುಗಪ್ಪ ಎಂಬತ್ತನಾಲ್ಕನೇ ಇಸವಿಯಿಂದ ಎರಡು ವರ್ಷ ದುಡಿದು, ಜಲ್ಲಿ ಹಾಸಿ, ಬೇರು ಕೊಳೆ ಸೋಸಲೆಂದು ಜೊಂಡುಹುಲ್ಲು ನೆಟ್ಟು ಒಂದು ಮಡಿ ಕಟ್ಟಿದ್ದ. ಪಂಚರು ಇವತ್ತು ಒಪ್ಪದಿದ್ದರೆ ನಾಳೆ ಅದನ್ನು ಮಣ್ಣು ಹಾಕಿ ಮುಚ್ಚುವವರಿದ್ದರು. ನೀರು ನಾರಿದರೆ ಏನು ಗತಿ ಎಂದು ಅವನು ಹೆಜ್ಜೆ ಬಿರುಸು ಮಾಡಿದ.

ಎಲ್ಲರಿಗಿಂತ ಮುಂಚೆ ಒಡ್ಡು ಏರಿ ನೋಡಿದರೆ ಮಡಿ ಬೋಳಾಗಿತ್ತು. ಜೊಂಡೆಲ್ಲ ಬೇರುಸಹಿತ ಕಿತ್ತು, ಸಿವುಡು ಕಟ್ಟಿ ಒಟ್ಟಿತ್ತು. ಆಚೆಯ ತೂಬಿನಿಂದ ಕರಿನೀರು ನಾರುತ್ತಲೇ ಇಳಿಯುತ್ತಿತ್ತು. ಅವನ ಅವ್ವ ದುರುಗವ್ವ ಕೈಯ ಕೆಸರು ತೊಳೆಯುತ್ತಿದ್ದಳು. ಜೀವಮಾನವೆಲ್ಲ ಭತ್ತದ ಗದ್ದೆಯ ಕಳೆ ತೆಗೆದ ಕೈ ಅವು; ಜೊಂಡೂ ಅವಕ್ಕೆ ಕಳೆಯೇ.

"ದೊಡ್ಡ ಮಂದಿ ಬರತಾರಂತ ನಸುಕಿನ್ಯಾಗ ನಾಕು ಆಳು ಕರಕೊಂಡು ಬಂದು ಕಸ ತಗದೇನಿ, ತಮ್ಮಾ. ಈಗ ಛಲೋ ಕಾಣತೈತಿ ಹೌದಿಲ್ಲೊ?" ಅಂದು, ಗೌಡರನ್ನು ಕಂಡು ಸೆರಗು ಹೊದ್ದು ದೂರ ಸರಿದು ನಿಂತಳು.

ಗೌಡರು ಮೂಗು ಮುಚ್ಚಿಕೊಂಡರು. "ಎಲ್ಲೈತಪಾ ನಿನ್ನ ಬೆಳಿ? ಯಾರು ಕಿತ್ತಾರ, ಹೇಳು."

ಹೇಳಿದರೆ ಮತ್ತೆ ನೆಡಲಿಕ್ಕೆ ವಾಯಿದೆ ಸಿಕ್ಕು ಮಡಿ ಉಳಿದೀತು. ಆದರೆ ಈ ಏಳೂ ಮಂದಿ ಅವ್ವನ ಮುಖ ನೋಡಿ ನಕ್ಕಾರು. ಹುಲುಗಪ್ಪ ತಾನೇ ಕಿತ್ತವನಂತೆ ಒಂದು ಸಿವುಡನ್ನು ಹೆಗಲ ಮೇಲೆ ಹೊತ್ತು, ಒಡ್ಡು ಇಳಿದು ನಡೆದುಬಿಟ್ಟ.