ನಲ್ವತ್ತೇಳನೆಯ ಡಬ್ಬಿ

ಜೀಪು ಬಂದು ನಿಂತಾಗ ಶೀಲಾವತಿ ಅಂಗಳದಲ್ಲಿ ಕಾಳುಮೆಣಸು ಹರಡುತ್ತಿದ್ದಳು. ಚೆರಿಯನ್ ಒಂದು ಗೋಣಿ ಹೊತ್ತು ತಂದು ಜಗಲಿಯ ಮೇಲೆ ಸುರಿದ. ತಗಡಿನ ಡಬ್ಬಿಗಳು ಗಡಗಡನೆ ಉರುಳಿದವು. ಹೋದ ವರ್ಷದವೇ, ಮುಚ್ಚಳದ ಮೇಲೆ ಬಿಳಿ ಬಣ್ಣದ ಅದೇ ನಂಬರುಗಳು. ಅವಳು ಒಂದನ್ನು ಎತ್ತಿ ಕಿವಿಯ ಹತ್ತಿರ ಅಲುಗಾಡಿಸಿದಳು. ಖಾಲಿ. ಇನ್ನೊಂದನ್ನು ಎತ್ತಿದಳು. ಅದೂ ಖಾಲಿ.

"ಮದ್ದು ಎಲ್ಲಿ ಉಂಟು?" ಎಂದು ಕೇಳಿದಳು.

ಚೆರಿಯನ್ ಕಡಬದ ಕಡೆ ರಬ್ಬರ್ ತೋಟ ಹಾಕಿದ ಚಾಂಡಿಯ ಮಗ. ದೂರದ ವಿಶ್ವವಿದ್ಯಾಲಯವೊಂದರ ವೈದ್ಯಕೀಯ ಸಂಶೋಧನಾ ವಿಭಾಗದಲ್ಲಿ ಸಹಾಯಕನ ಕೆಲಸ. ಅವನು ಜೀಪಿನ ಕಡೆ ನೋಡಿದ. ಇದು ಎರಡನೇ ಸಲದ ಪರೀಕ್ಷೆಗೆ, ಪ್ರೊಫೆಸರ್ರೇ ಬಂದಿದ್ದಾರೆ ಎಂದ.

ಐವರ್ನಾಡಿನಲ್ಲಿ ಹೆರಿಗೆಗೆ ಮೊದಲು ಕರೆಯುವುದು ಶೀಲಾವತಿಯನ್ನು. ಕೈ ಬೆಣ್ಣೆ, ಬಾಯಿ ಹಲಸಿನ ಮುಳ್ಳು ಎಂದು ಅವಳ ಬೆನ್ನ ಹಿಂದೆ ಹೇಳುವುದುಂಟು. ಹೋದ ವರ್ಷ, ಅಂದರೆ ಅರವತ್ತೆರಡರ ಜನವರಿಯಲ್ಲಿ, ಇದೇ ಜೀಪು ಬಂದಾಗ ಊರಿನ ಒಬ್ಬ ಹೆಂಗಸೂ ಡಬ್ಬಿ ಮುಟ್ಟಿರಲಿಲ್ಲ. ಹೊಟ್ಟೆಯ ಕೊಕ್ಕೆಹುಳದ ಸಂಶೋಧನೆಯಂತೆ, ಬೆಳಿಗ್ಗೆ ಹೊರಕಡೆಗೆಂದು ಗುಡ್ಡೆಗೆ ಹೋದದ್ದನ್ನು ಡಬ್ಬಿಯಲ್ಲಿ ತುಂಬಿಸಿ ಪೇಟೆಯವರಿಗೆ ಕೊಡುವುದಂತೆ. ದೇರಣ್ಣನ ಹೆಂಡತಿ ಡಬ್ಬಿಯನ್ನು ಕೋಲಿನಿಂದ ಹರಿಯುವ ತೋಡಿಗೆ ನೂಕಿದ್ದಳು. ಆಗ ಚೆರಿಯನ್ ಬಂದು ಶೀಲಾವತಿಯ ಕಾಲು ಹಿಡಿಯುವುದೊಂದು ಬಾಕಿ.

ಅವಳು ಮನೆಮನೆ ಹತ್ತಿದಳು. ಹೆಸರು ಬರೆಸಲು ನಾಚಿಕೆ ಎಂದವರಿಗೆ ಹೆಸರೇ ಬೇಡ, ನಂಬರ್ ಸಾಕು ಎಂಬ ಉಪಾಯ ಹೇಳಿದವಳೂ ಅವಳೇ. ಯಾವ ನಂಬರು ಯಾರದ್ದು ಎಂಬುದು ಅವಳ ಪುಸ್ತಕದಲ್ಲಿ ಮಾತ್ರ. ಎರಡು ತಿಂಗಳೊಳಗೆ ಯಾರಿಗೆ ಹುಳ ಉಂಟು, ಯಾರಿಗೆ ಇಲ್ಲ ಎಂಬ ಚೀಟಿ ಬರುತ್ತದೆ, ಮದ್ದೂ ಬರುತ್ತದೆ ಎಂದು ಮಾತು ಕೊಟ್ಟಳು. ಆ ಮಾತಿಗೆ ನೂರಹನ್ನೆರಡು ಡಬ್ಬಿ ತುಂಬಿ ಹೋದವು.

ಹದಿನಾಲ್ಕು ತಿಂಗಳು ಕಳೆದವು. ಚೀಟಿಯೂ ಇಲ್ಲ, ಮದ್ದೂ ಇಲ್ಲ. ದೇರಣ್ಣನ ಹೆಂಡತಿ ದಾರಿಯಲ್ಲಿ ಸಿಕ್ಕಾಗಲೆಲ್ಲ, ನಮ್ಮದನ್ನು ಪೇಟೆಯಲ್ಲಿ ಎಷ್ಟಕ್ಕೆ ಮಾರಿದರು ಶೀಲಕ್ಕ ಎಂದು ನಗುತ್ತಿದ್ದಳು. ಅದನ್ನಾದರೂ ಸಹಿಸಬಹುದು. ಸಹಿಸಲಾಗದ್ದು ಸೇವಂತಿಯ ಮುಖ.

ಸೇವಂತಿ ಸತ್ತುಹೋದ ತಂಗಿಯ ಮಗಳು. ಜತ್ತಪ್ಪನ ಮನೆಗೆ ಅವಳನ್ನು ಸೊಸೆಯಾಗಿ ಕೊಡಿಸಿದ್ದು ಶೀಲಾವತಿಯೇ. ಇಪ್ಪತ್ತರ ಹುಡುಗಿ ಈಗ ತೋಡಿನಿಂದ ಒಂದು ಕೊಡ ನೀರು ತರಲು ಮೂರು ಕಡೆ ಕೂರುತ್ತಾಳೆ. ತುಟಿ ಸುಣ್ಣದ ಹಾಗೆ. ಯಾರೂ ನೋಡದಾಗ ಗೋಡೆಯ ಕೆಮ್ಮಣ್ಣು ಕೆರೆದು ತಿನ್ನುತ್ತಾಳೆ. ಡಿಸೆಂಬರಿನಲ್ಲಿ ಹೆತ್ತ ಕೂಸು ಹನ್ನೊಂದು ದಿನ ಇತ್ತು. ಜತ್ತಪ್ಪ ಜೋಯಿಸರಲ್ಲಿ ಪ್ರಶ್ನೆ ಇಡಿಸಿದ, ಮಂತ್ರಿಸಿದ ನೂಲು ಕಟ್ಟಿಸಿದ. ಕೊನೆಗೆ, ಈ ಸೋಮಾರಿಯನ್ನು ಪತ್ತನಾಜೆಯೊಳಗೆ ಅಪ್ಪನ ಮನೆಗೆ ಬಿಟ್ಟು ಬರುತ್ತೇನೆ, ಮಗನಿಗೆ ಬೇರೆ ನೋಡುತ್ತೇನೆ ಎಂದು ಹೇಳಿಯಾಗಿದೆ. ಜಾತ್ರೆ, ಕೋಲಗಳೆಲ್ಲ ಮುಗಿಯುವ ಮೇ ಕೊನೆಯ ಆ ಪತ್ತನಾಜೆಗೆ ಇನ್ನು ಎರಡೇ ತಿಂಗಳು.

ಪ್ರೊಫೆಸರ್ರು ಜೀಪಿನಿಂದ ಇಳಿದರು. ಬಿಳಿ ಪ್ಯಾಂಟು, ಮೈಸೂರಿನ ಕಡೆಯ ಮೆದು ಮಾತು. ಮನೆಗೆ ಬಂದವರಿಗೆ ಬೆಲ್ಲ ನೀರು ಕೊಡದೆ ಇರಲಾಗುವುದಿಲ್ಲ, ಎಷ್ಟು ಸಿಟ್ಟಿದ್ದರೂ. ಕೊಟ್ಟಳು. ಅವರು ನೀರು ಕುಡಿದು, ನಿಮ್ಮ ಊರಿನಿಂದ ನಮ್ಮ ವಿಭಾಗಕ್ಕೆ ದೊಡ್ಡ ಹೆಸರು ಬಂತು, ಒಬ್ಬರೂ ಇಲ್ಲ ಎನ್ನದ ಊರು ಇದೊಂದೇ, ದಿಲ್ಲಿಯ ಸಮ್ಮೇಳನದಲ್ಲಿ ಎಲ್ಲರೂ ಚಪ್ಪಾಳೆ ತಟ್ಟಿದರು ಎಂದು ಹೇಳಿ ಒಂದು ಇಂಗ್ಲಿಷ್ ಪುಸ್ತಕವನ್ನು ಅವಳ ಕೈಗಿತ್ತರು. ನುಣುಪು ಕಾಗದ. ನಡುವಿನ ಪುಟಗಳಲ್ಲಿ ಉದ್ದಕ್ಕೆ ಅಂಕಿಗಳು.

ಐದನೇ ಕ್ಲಾಸಿನವಳಿಗೆ ಇಂಗ್ಲಿಷ್ ಬಾರದಿದ್ದರೂ ಅಂಕಿ ಗೊತ್ತು. ಒಂದರಿಂದ ನೂರಹನ್ನೆರಡರ ತನಕ ಸಾಲಾಗಿ ಇತ್ತು. ಅವಳ ಬೆರಳು ಕೆಳಗಿಳಿಯುತ್ತಾ ನಲ್ವತ್ತೇಳರಲ್ಲಿ ನಿಂತಿತು. ಅದರ ಮುಂದಿನ ಅಂಕಿ ಮಾತ್ರ ದಪ್ಪ ಅಕ್ಷರದಲ್ಲಿತ್ತು.

"ಇದು ಎಂತ ಚೆರಿಯನ್? ಓದಿ ಹೇಳು."

ಚೆರಿಯನ್ ಪ್ರೊಫೆಸರ್ರನ್ನು ನೋಡಿದ. ಅವರೇ ಉತ್ಸಾಹದಿಂದ ಹೇಳಿದರು. ಅದು ಹುಳದ ಮೊಟ್ಟೆಯ ಲೆಕ್ಕ, ಪುತ್ತೂರು ತಾಲೂಕಿನಲ್ಲೆಲ್ಲ ಅಷ್ಟು ಹೆಚ್ಚು ಎಲ್ಲೂ ಸಿಕ್ಕಿಲ್ಲ, ಅಂಥವರಿಗೆ ರಕ್ತ ಇಳಿದು ನಡೆಯುವುದೇ ಕಷ್ಟ, ಅದಕ್ಕೇ ಅದರ ಬಗ್ಗೆ ಬೇರೆಯೇ ಒಂದು ಪುಟ ಬರೆದಿದ್ದೇವೆ ಎಂದರು.

"ಯಾವಾಗ ಗೊತ್ತಾದದ್ದು?"

"ಹೋದ ವರ್ಷ ಫೆಬ್ರವರಿಯಲ್ಲೇ ಅಮ್ಮಾ."

ಶೀಲಾವತಿ ಮನಸ್ಸಿನಲ್ಲೇ ತಿಂಗಳು ಎಣಿಸಿದಳು. ಫೆಬ್ರವರಿಯಲ್ಲಿ ಆ ಕೂಸು ಹೊಟ್ಟೆಯಲ್ಲಿ ಮೂಡಿಯೂ ಇರಲಿಲ್ಲ. ಪುಸ್ತಕವನ್ನು ಮೆಣಸಿನ ರಾಶಿಯ ಮೇಲೆ ಇಟ್ಟು, ಡಬ್ಬಿಗಳ ನಡುವೆ ಹುಡುಕಿ ನಲ್ವತ್ತೇಳನೆಯದನ್ನು ಹೊರತೆಗೆದಳು.

"ಈ ನಲ್ವತ್ತೇಳಕ್ಕೆ ಹೆಸರು ಉಂಟು ಸ್ವಾಮಿ. ಸೇವಂತಿ. ಆ ಅಡಿಕೆ ಮರ ಕಾಣುತ್ತದಲ್ಲ, ಅದರ ಆಚೆ ಮನೆ. ನೀವು ಪುಟ ಬರೀತಾ ಇದ್ದಾಗ ಅವಳು ಒಂದು ಕೂಸನ್ನು ಮಣ್ಣು ಮಾಡಿದಳು."

ಪ್ರೊಫೆಸರ್ರ ಮುಖ ಬಾಡಿತು. ಮೆಲ್ಲನೆ ಹೇಳಿದರು, "ನಮ್ಮ ಹತ್ತಿರ ನಂಬರ್ ಮಾತ್ರ ಇತ್ತಮ್ಮಾ. ಹೆಸರು ಇರಲಿಲ್ಲ."

ಅದು ಅವಳ ಎದೆಗೇ ನಾಟಿತು. ನಂಬರಿನ ಉಪಾಯ ಅವಳದ್ದೇ. ಆದರೆ ಸಿಟ್ಟು ತಗ್ಗಲಿಲ್ಲ, ಇನ್ನೂ ಏರಿತು.

"ಹೆಸರು ನನ್ನ ಪುಸ್ತಕದಲ್ಲಿ ಇತ್ತು. ಮೂರು ಕಾಸಿನ ಒಂದು ಕಾರ್ಡು ಹಾಕಿ ಕೇಳಿದ್ರಾ? ದಿಲ್ಲಿಗೆ ಹೋಗುವ ದಾರಿ ಸಿಕ್ಕಿತು, ಐವರ್ನಾಡಿಗೆ ಬರುವ ದಾರಿ ಸಿಕ್ಕಲಿಲ್ಲ. ಒಂದು ಚೀಟಿ ಬಂದಿದ್ರೆ ನಾನೇ ಅವಳನ್ನು ಹೊತ್ತುಕೊಂಡು ಪುತ್ತೂರಿಗೆ ಹೋಗುತ್ತಿದ್ದೆ. ಯಾವ ಡಾಕ್ಟ್ರಾದ್ರೂ ಮದ್ದು ಕೊಡ್ತಿದ್ರು."

ಸಂಶೋಧನೆಯ ಕ್ರಮ ಬೇರೆ, ಚಿಕಿತ್ಸೆಯ ಇಲಾಖೆ ಬೇರೆ, ಎರಡನೇ ಪರೀಕ್ಷೆ ಆದ ಮೇಲೆ ಸರಕಾರಕ್ಕೆ ಬರೆಯಬಹುದು ಎಂದು ಪ್ರೊಫೆಸರ್ರು ಬಿಡಿಸಿ ಹೇಳತೊಡಗಿದರು. ಅವಳು ಪೂರ್ತಿ ಕೇಳಲಿಲ್ಲ.

"ನಮ್ಮಲ್ಲಿಯೂ ಒಂದು ಕ್ರಮ ಉಂಟು. ನೆರೆಮನೆಯವರು ಪಾತ್ರೆಯಲ್ಲಿ ಏನಾದ್ರೂ ಕೊಟ್ರೆ ಆ ಪಾತ್ರೆಯನ್ನು ಖಾಲಿ ವಾಪಸ್ಸು ಕೊಡುದಿಲ್ಲ. ಏನೂ ಇಲ್ಲದಿದ್ರೆ ಒಂದು ಹರಳು ಉಪ್ಪಾದ್ರೂ ಹಾಕಿ ಕೊಡುದು. ಗತಿಯಿಲ್ಲದವರೂ ಹಾಗೇ ಮಾಡುದು. ನಮ್ಮ ಹೆಂಗಸರು ಮಾನ ಬಿಟ್ಟು ನಿಮಗೆ ನೂರಹನ್ನೆರಡು ಡಬ್ಬಿ ತುಂಬಿಸಿ ಕೊಟ್ರು. ನೀವು ಖಾಲಿ ತಂದು ಜಗಲಿಗೆ ಸುರಿದ್ರಿ."

ಚೆರಿಯನ್ ತಲೆ ತಗ್ಗಿಸಿದ. ಶೀಲಾವತಿ ಸೆರಗು ಕಟ್ಟಿ ಡಬ್ಬಿಗಳನ್ನೆಲ್ಲ ಗೋಣಿಗೆ ತುಂಬಿದಳು. ಒಳಗೆ ಎಳೆದುಕೊಂಡು ಹೋಗಿ, ಭತ್ತ ಹಾಕುವ ಮರದ ಪತ್ತಾಯ ಖಾಲಿ ಇತ್ತು, ಅದರಲ್ಲಿ ಹಾಕಿ ಬೀಗ ಜಡಿದಳು. ಬೀಗದ ಕೈಯನ್ನು ಸೊಂಟಕ್ಕೆ ಸಿಕ್ಕಿಸಿಕೊಂಡು ಹೊರಗೆ ಬಂದಳು. ಒಂದು ಚೀಟಿ ಬಂದರೆ ಒಂದು ಡಬ್ಬಿ ಹೊರಗೆ ಬರುತ್ತದೆ, ಅಲ್ಲಿಯ ತನಕ ಇಡೀ ಊರಿನಲ್ಲಿ ಒಬ್ಬಳೂ ಗುಡ್ಡೆಗೆ ಹೋದದ್ದನ್ನು ನಿಮಗೆ ತೋರಿಸುವುದಿಲ್ಲ ಎಂದಳು. ಚೆರಿಯನ್‌ಗೆ ನಗು ಬಂತು, ನುಂಗಿಕೊಂಡ. ಪ್ರೊಫೆಸರ್ರು ನಗಲಿಲ್ಲ. ಪೆನ್ನು ತೆಗೆದು, "ನಲ್ವತ್ತೇಳರ ಹೆಸರು ಇನ್ನೊಂದು ಸಲ ಹೇಳಿ" ಎಂದರು.

ಒಂಬತ್ತನೆಯ ದಿನ ಚೆರಿಯನ್ ಒಬ್ಬನೇ ಬಸ್ಸಿನಲ್ಲಿ ಬಂದ. ಕೈಯಲ್ಲಿ ಒಂದು ಡಬ್ಬಿ, ಹೊಚ್ಚ ಹೊಸದು, ಮೇಲೆ ಹಸಿ ಬಣ್ಣದಲ್ಲಿ ೪೭. ಅಲುಗಾಡಿಸಿದಾಗ ಮಾತ್ರೆಗಳ ಸದ್ದಾಯಿತು. ಜೊತೆಗೆ ಕನ್ನಡದಲ್ಲಿ ಬರೆದ ಚೀಟಿ: ರಕ್ತ ಹೆಚ್ಚಲು ಕೆಂಪು ಮಾತ್ರೆ ಎರಡು ತಿಂಗಳು, ಹುಳಕ್ಕೆ ಬಿಳಿಯ ಮಾತ್ರೆ ಬರಿಹೊಟ್ಟೆಯಲ್ಲಿ.

"ಹಳೇ ಡಬ್ಬಿಯಲ್ಲಿ ಮಾತ್ರೆ ತರ್ಲಿಕ್ಕೆ ನನಗೆ ಮನಸ್ಸು ಬರ್ಲಿಲ್ಲ ಅಕ್ಕ."

"ಅಷ್ಟಾದ್ರೂ ಬುದ್ಧಿ ಉಂಟಲ್ಲ," ಎಂದಳು ಶೀಲಾವತಿ. ಉಳಿದ ಚೀಟಿಗಳು ಎಲ್ಲಿ ಎಂದು ಮರುಕ್ಷಣವೇ ಕೇಳಿದಳು. ಹನ್ನೊಂದು ಅವನ ಚೀಲದಲ್ಲಿದ್ದವು, ಮದ್ದೂ ಇತ್ತು. ಪತ್ತಾಯದಿಂದ ಹನ್ನೊಂದೇ ಡಬ್ಬಿ ಹೊರಗೆ ಬಂದವು. ಬೀಗ ಮತ್ತೆ ಬಿತ್ತು.

ಚೀಟಿಯನ್ನು ಅವಳು ಜತ್ತಪ್ಪನ ಅಂಗಳದಲ್ಲಿ ನಿಂತು, ಗಂಡಸರಿಗೂ ಕೇಳುವ ಹಾಗೆ ಗಟ್ಟಿಯಾಗಿ ಓದಿದಳು. ನಿನ್ನ ಸೊಸೆ ಸೋಮಾರಿಯಲ್ಲ, ಅವಳ ರಕ್ತವನ್ನು ಹುಳ ಕುಡಿಯುತ್ತಿದೆ, ಮದ್ದು ಮುಗಿಯುವ ತನಕ ಅವಳನ್ನು ಹೊರಗೆ ಕಳಿಸಿದರೆ ಈ ಮನೆಯ ಒಂದು ಹೆರಿಗೆಗೂ ನಾನು ಬರುವುದಿಲ್ಲ ಎಂದಳು. ಜತ್ತಪ್ಪ ಎಲೆಯಡಿಕೆ ಉಗುಳಿ ಒಳಗೆ ಹೋದ. ಆಮೇಲೆ ಕೊಡ ಎತ್ತಿಕೊಂಡು ತೋಡಿಗೆ ಹೊರಟವನು ಅವನ ಮಗ.

ಪತ್ತನಾಜೆ ಬಂತು, ಹೋಯಿತು. ಯಾರೂ ಸೇವಂತಿಯ ಪೆಟ್ಟಿಗೆ ಕಟ್ಟಲಿಲ್ಲ. ಒಂದು ಮಧ್ಯಾಹ್ನ ಅವಳೇ ದೊಡ್ಡವ್ವನ ಮನೆಗೆ ಏರು ದಾರಿಯಲ್ಲಿ ಒಂದೇ ಕಡೆ ಕೂತು ಬಂದಳು. ತುಟಿಗೆ ತುಸು ಬಣ್ಣ ಬಂದಿತ್ತು. ಮಾತ್ರೆ ಮುಗಿಯಿತು ಎಂದು ಡಬ್ಬಿಯನ್ನು ತೊಳೆದು ತಂದಿದ್ದಳು. ಚೆರಿಯಣ್ಣ ಬಂದರೆ ಕೊಡಿ ದೊಡ್ಡವ್ವ ಎಂದು ಮುಂದಿಟ್ಟಳು.

ಶೀಲಾವತಿ ಅದನ್ನು ಅಲುಗಾಡಿಸಿ ನೋಡಿ, ಮತ್ತೆ ಅವಳ ಕೈಗೇ ಇತ್ತಳು.

"ಖಾಲಿ ಕೊಡುದಾ? ಅವರ ಹಾಗೆ ನಾವೂ ಮಾಡುದಾ? ನಾಳೆ ಬೆಳಿಗ್ಗೆ ಗುಡ್ಡೆಗೆ ಹೋಗುವಾಗ ತಕ್ಕೊಂಡು ಹೋಗು. ಹುಳ ಹೋಯ್ತಾ ಇಲ್ವಾ ಅಂತ ಅವರೇ ನೋಡಿ ಹೇಳಲಿ. ಮುಚ್ಚಳದಲ್ಲಿ ಈ ಸಲ ಹೆಸರೂ ಬರಿ."