ಹಿಡಿ ಮಣ್ಣು

“ಬಳೆ ಮುಟ್ಬೇಡಿ. ಹಂಗೇ ಇರ್ಲಿ,” ಎಂದು ಲತಾಮಣಿ ತಾಯಿಯ ಮುಂಗೈಯನ್ನು ತನ್ನೆರಡೂ ಕೈಗಳಿಂದ ಮುಚ್ಚಿಕೊಂಡಳು.

ಹೆಣಕ್ಕೆ ನೀರು ಹಾಕಲು ಬಂದಿದ್ದ ಪಕ್ಕದ ಮನೆಯ ಮುನಿರತ್ನಮ್ಮ ಚೊಂಬು ಕೆಳಗಿಟ್ಟರು. “ಅಲ್ಲ ಕಣವ್ವಾ, ನಿಮ್ಮಪ್ಪ ವಿಮಾನ ಹತ್ಕೊಂಡು ಯುದ್ಧಕ್ಕೋಗಿ ಐವತ್ತೊರ್ಸದ ಮ್ಯಾಲಾಯ್ತು. ವಾಪಸ್ ಬಂದಿದ್ದು ಯಾರು ಕಂಡವ್ರೆ?”

“ಸತ್ತಿದ್ದು ಯಾರು ಕಂಡವ್ರೆ, ಹೇಳು ಅತ್ತೆ.”

ಮುನಿರತ್ನಮ್ಮ ನೀರಿಗೆ ಬೆರಳದ್ದಿ ನೋಡಿ, ಒಲೆಯ ಮೇಲಿದ್ದ ಬಿಸಿನೀರನ್ನು ಒಸಿ ಬೆರೆಸಿದರು. “ತಣ್ಣೀರು ಅಂದ್ರೆ ಆಗ್ತಿರ್ಲಿಲ್ಲ ಅಂಬುಜಂಗೆ.”

ಬಾಗಿಲ ಬಳಿ ಬೈರಪ್ಪ ಬಂದು ನಿಂತರು. ತೀರಿಕೊಂಡ ಅಂಬುಜಮ್ಮನ ಮೈದುನ. ಬೆಳಗಿನಿಂದ ಹೂವು, ಶಾಮಿಯಾನ, ಗುಣಿ ತೆಗೆಯುವವರು, ಎಲ್ಲಕ್ಕೂ ಅವರೇ ಓಡಾಡುತ್ತಿದ್ದರು. ಕೈಯಲ್ಲಿ ಹೊಸ ಹಸಿರು ಸೀರೆ.

“ಮುತ್ತೈದೆಯಂಗೇ ಕಳ್ಸವ್ವಾ. ಅತ್ಗೆ ಆಸೆ ಅದು,” ಎಂದರು.

ಲತಾಮಣಿ ಅವರ ಮುಖ ನೋಡದೆ ಸೀರೆ ತೆಗೆದುಕೊಂಡಳು.

*

ಅಂಬುಜಮ್ಮ ಬಾಣಂತನಕ್ಕೆಂದು ಮರಳವಾಡಿಯ ತವರಿನಲ್ಲಿದ್ದಾಗ ಗಂಡ ಅಶ್ವಥ್ ಹಾರಿಸುತ್ತಿದ್ದ ವಿಮಾನ ಗಡಿಯಾಚೆ ಕಾಣೆಯಾಯಿತೆಂದು ತಂತಿ ಬಂತು. ಮಗು ಕೈಗೆ ಬಂದ ಮೇಲೆ ಅವರು ಹುಡುಕಲು ಹೊರಟರು. ಸೆರೆಯಿಂದ ಬಿಡುಗಡೆಯಾಗಿ ಬಂದವರು ಎಲ್ಲಿದ್ದಾರೆಂದು ಕೇಳಿಕೊಂಡು, ಗಂಡನ ಫೋಟೋ ಹಿಡಿದು ಮನೆಮನೆಗೆ ಹೋದರು. ಪ್ರತಿ ಸಲವೂ ಗಂಡನೂರು ಗುಡೇಮಾರನಹಳ್ಳಿಯ ಬಸ್ಸಿನವರೆಗೆ ಚೀಲ ಹೊತ್ತು ತಂದುಕೊಡುತ್ತಿದ್ದುದು ಬೈರಪ್ಪ. ಅಣ್ಣ ಸತ್ತನೆಂದು ಕಚೇರಿಯಲ್ಲಿ ಹೇಳಿಕೆ ಕೊಟ್ಟು, ಅವನ ಪಾಲಿನ ತೋಟವನ್ನು ತನ್ನ ಹೆಸರಿಗೆ ಮಾಡಿಸಿಕೊಂಡಿದ್ದೂ ಬೈರಪ್ಪನೇ.

ಮಗಳು ಓದು ಮುಗಿಸಿದ ವರ್ಷ, ಚನ್ನಪಟ್ಟಣದಲ್ಲಿ ಸೈಕಲ್ ಅಂಗಡಿ ಇಟ್ಟಿದ್ದ ಮಾಜಿ ಸೈನಿಕ ನಿಯಾಜ್ ಸಿಕ್ಕರು. ಫೋಟೋ ನೋಡಿದವರೇ ಸ್ಟೂಲು ಒರೆಸಿ ಕೂರಿಸಿದರು.

“ಈಗ ಬಂದ್ರಾ ಅಕ್ಕಾ? ನಾನು ಬಿಡುಗಡೆ ಆದ ತಿಂಗ್ಳೇ ನಿಮ್ಮನೆ ಜಗಲೀಲಿ ಕೂತು ಹೇಳ್ಬಂದಿದ್ನಲ್ಲ, ನೀವಿರ್ಲಿಲ್ಲ. ಅಲ್ಲಿ ಆಸ್ಪತ್ರೇಲಿ ನನ್ ಪಕ್ಕದಲ್ಲೇ ಇದ್ರು. ಕಾಲು ಮುರ್ದೈತೆ, ಜೀವಂತವಾಗವ್ರೆ, ಅಲ್ಲಿಯೋರು ಬೇರೆ ಹೆಸ್ರಲ್ಲಿ ಬರ್ಕೊಂಡವ್ರೆ, ಮನೆಯೋರು ಬೇಗ ಸರ್ಕಾರನ ಕೇಳಿ ಅಂತ. ನಿಮ್ಮ ಮೈದ್ನ ಮಜ್ಜಿಗೆ ಕೊಟ್ರು. ನೀವೋಗಿ, ನಾನೇ ದಿಲ್ಲೀಗೋಗ್ತೀನಿ ಅಂದ್ರು.”

ಅಂಬುಜಮ್ಮ ದಿಲ್ಲಿಗೆ ಅರ್ಜಿ ಹಾಕಿಸಿದರು. ಅಂಥವರು ಯಾರೂ ಇಲ್ಲವೆಂದು ಉತ್ತರ ಬಂತು. ತಡವಾಗಿ ಹೋಗಿತ್ತು.

ಚನ್ನಪಟ್ಟಣದಿಂದ ಮರಳಿದ ಸಂಜೆ ಬೈರಪ್ಪ ಬಸ್ಸಿನ ಬಳಿ ಕಾದಿದ್ದರು. “ಏನಾರ ಗೊತ್ತಾಯ್ತಾ ಅತ್ಗೆ?”

“ಇಲ್ಲ.”

ಅಂದಿನಿಂದ ಪ್ರತಿ ಹಬ್ಬದಲ್ಲೂ ಅಂಬುಜಮ್ಮ ಬೈರಪ್ಪನ ಪಕ್ಕದಲ್ಲೇ ಗಂಡನಿಗೊಂದು ಎಲೆ ಹಾಕಿದರು. ಎಲ್ಲವನ್ನೂ ಬಡಿಸಿ, ಕೊನೆಗೆ ಒಂದು ಲೋಟ ಮಜ್ಜಿಗೆ ಇಡುತ್ತಿದ್ದರು. ಬೈರಪ್ಪ ಅರ್ಧ ಊಟಕ್ಕೇ ಏಳುತ್ತಿದ್ದರು. ಪಾಪ, ಅಣ್ಣನ ನೆನಪು ಎಂದು ಊರು ಮರುಗುತ್ತಿತ್ತು.

*

ಹೋದ ವಾರ, ಹಾಸಿಗೆಯಲ್ಲಿ, ಅಂಬುಜಮ್ಮ ಮಗಳಿಗೆ ಇದಿಷ್ಟನ್ನೂ ಹೇಳಿದರು.

“ಬಯ್ಬೇಡ. ಜಗಳ ಬೇಡ. ನನ್ನ ಗುಣಿಗೆ ಹಾಕಕ್ಕೆ ಮಣ್ಣು ಹಿಡ್ದಿರ್ತಾನಲ್ಲ, ಆವಾಗ ಕೇಳು. ಕೈಲಿ ಮಣ್ಣಿಟ್ಕೊಂಡು ಸುಳ್ಳೇಳೋ ಧೈರ್ಯ ಬೈರಪ್ಪಂಗಿಲ್ಲ.”

“ಅವ್ವಾ, ಸೈಕಲ್ ಮ್ಯಾಲೆ ಕೂರಿಸ್ಕೊಂಡು ನನ್ನ ಸ್ಕೂಲಿಗೆ ಬುಟ್ಟೋರು ಚಿಕ್ಕಪ್ಪ.”

“ಹ್ಞೂ. ನಿಮ್ಮಪ್ಪ ಬಿಡ್ಬೇಕಿತ್ತು.”

*

ಗುಣಿಯನ್ನು ಆ ತೋಟದಲ್ಲೇ ತೆಗೆದಿದ್ದರು. “ಲೇ ಲೋಕೇಶ, ಒಸಿ ಅಗಲ ಮಾಡ್ಸ್ಲಾ. ನಿಮ್ಮ ದೊಡ್ಡಮ್ಮ ಬದುಕಿದ್ದಾಗ್ಲೂ ಇಕ್ಕಟ್ಟಿಗೆ ಬಗ್ಗಿದೋಳಲ್ಲ,” ಎಂದು ಯಾರೋ ಬೈರಪ್ಪನ ಮಗನಿಗೆ ಹೇಳಿದರು. ಒಂದಿಬ್ಬರು ನಕ್ಕರು.

ಹಸಿರು ಸೀರೆ, ಕುಂಕುಮ, ಬಳೆ. ಅಂಬುಜಮ್ಮನನ್ನು ಇಳಿಸಿದರು. ಮಗಳು ಮೊದಲು ಮಣ್ಣು ಹಾಕಿದಳು. ಬೈರಪ್ಪ ಬಗ್ಗಿ ಒಂದು ಹಿಡಿ ತೆಗೆದುಕೊಂಡು ಕೈ ಮುಂದೆ ಚಾಚಿದರು.

“ಚಿಕ್ಕಪ್ಪಾ, ನಿಲ್ಲಿ. ಚನ್ನಪಟ್ಟಣದೋರೊಬ್ರು ನಮ್ಮ ಜಗಲೀಲಿ ಮಜ್ಜಿಗೆ ಕುಡ್ದು ಹೋದ್ರಲ್ಲ. ಏನು ಹೇಳೋದ್ರು?”

ಚಾಚಿದ ಕೈ ಅಲ್ಲೇ ನಿಂತಿತು.

“ಏನಕ್ಕಾ ಇದು, ಈ ಹೊತ್ನಲ್ಲಿ?” ಎಂದ ಲೋಕೇಶ್.

“ಈ ಹೊತ್ನಲ್ಲೇ ಕೇಳು ಅಂದವ್ಳೆ ಅವ್ವ. ನಮ್ಮಪ್ಪ ಜೀವಂತವಾಗವ್ನೆ ಅಂತ ಅವ್ರು ಹೇಳ್ಳಿಲ್ವಾ? ಹೇಳ್ಳಿಲ್ಲ ಅನ್ನಿ, ಮಣ್ಣಾಕಿ.”

ನೆರೆದವರೆಲ್ಲ ಬೈರಪ್ಪನ ಕಡೆ ತಿರುಗಿದರು.

“ಅತ್ಗೆಗೆ… ಗೊತ್ತಿತ್ತಾ?”

“ಮೂವತ್ತೊರ್ಸದಿಂದ.”

ಬೈರಪ್ಪ ಒಂದು ಹೆಜ್ಜೆ ಹಿಂದೆ ಸರಿದರು. ಮುನಿರತ್ನಮ್ಮ ಅವರನ್ನು ಬಳಸಿಕೊಂಡು ಮುಂದೆ ಬಂದು, ತಮ್ಮ ಹಿಡಿ ಮಣ್ಣನ್ನು ಹಾಕಿದರು. ಆಮೇಲೆ ಒಬ್ಬೊಬ್ಬರಾಗಿ ಎಲ್ಲರೂ ಹಾಕಿದರು. ಅಪ್ಪನ ಮುಖ ನೋಡದೆಯೇ ಲೋಕೇಶನೂ ಹಾಕಿದ.

ಪಂಪಿನ ಬಳಿ ಲತಾಮಣಿ ಎಲ್ಲರ ಕೈಗೂ ನೀರು ಹಾಕಿದಳು. ಕೊನೆಯಲ್ಲಿ ಬೈರಪ್ಪ ಬಂದು ಎಡಗೈ ಚಾಚಿದರು. ಅವಳು ನೀರು ಬಗ್ಗಿಸಿ, ಚೊಂಬು ಹಿಡಿದೇ ಕಾದಳು.

ಬಲಗೈ ಇನ್ನೂ ಮುಷ್ಟಿಯಾಗಿಯೇ ಇತ್ತು. ಬೆವರಿಗೆ ನೆನೆದ ಮಣ್ಣು ಬೆರಳ ಸಂದಿಯಲ್ಲಿ ಕೆಸರಾಗಿ ಇಳಿಯುತ್ತಿತ್ತು.